ನಾನೇ ಬರೆಸಿದ ಕರಾರು

ರಾಯಚೂರಿನಲ್ಲಿ ನಾನು ಮುರಿದ ಬಾಡಿಗೆ ಕರಾರನ್ನು ಬರೆಸಿದವನು ನಾನೇ. ಮನೆಯ ಮಾಲೀಕರು ಅದನ್ನು ಕೇಳಿರಲಿಲ್ಲ. ಅವರ ಮನೆತನದಲ್ಲಿ ಯಾರೂ ಬಾಡಿಗೆದಾರನೊಂದಿಗೆ ಛಾಪಾ ಕಾಗದದ ಮೇಲೆ ಸಹಿ ಹಾಕಿದವರಲ್ಲ. ಹಟ ಹಿಡಿದವನು ನಾನು. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ನನಗೆ ಇಪ್ಪತ್ತೇಳು ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಷಯದ ಮಾಸ್ತರನಾಗಿದ್ದೆ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಹುಮಾನಗಳನ್ನು ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟುಕೊಂಡಿದ್ದೆ, ಮತ್ತು ಸರಿಯಾದ ಶಬ್ದಗಳಲ್ಲಿ ಬರೆದಿಟ್ಟ ನ್ಯಾಯವನ್ನು ಯಾರೂ ಅಲ್ಲಾಡಿಸಲಾರರೆಂದು ನಂಬಿದ್ದೆ.

ಆ ನಂಬಿಕೆಗೆ ಕಾರಣವಿತ್ತು. ದೇವದುರ್ಗದಲ್ಲಿ ಕಲ್ಲು ಹೊತ್ತು, ಪರರ ಹೊಲದ ಕಳೆ ಕಿತ್ತು ಅಕ್ಕನನ್ನೂ ನನ್ನನ್ನೂ ಬೆಳೆಸಿದ ಅವ್ವನನ್ನು ನೌಕರಿ ಸಿಕ್ಕ ವರ್ಷವೇ ರಾಯಚೂರಿಗೆ ಕರೆತಂದಿದ್ದೆ. ನಾವು ಬೌದ್ಧರು, ಆದರೆ ಓಣಿಗಳು ನಮ್ಮನ್ನು ಗುರುತಿಸುತ್ತಿದ್ದುದು ನಾವು ಬಿಟ್ಟುಬಂದ ಜಾತಿಯ ಹೆಸರಿನಿಂದಲೇ. ಮೊದಲ ಬಾಡಿಗೆ ಮನೆಯಲ್ಲಿ ನಾಲ್ಕು ತಿಂಗಳಿದ್ದೆವು. ಮಾಲೀಕರ ಹೆಂಡತಿ ಒಂದು ದಿನ ಅವ್ವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಊರು, ಬಳಗ ಎಲ್ಲವನ್ನೂ ವಿಚಾರಿಸಿದರು. ಮರುವಾರವೇ ಅವರ ಮಗನ ಮದುವೆಗೆ ಮನೆ ಬೇಕಾಯಿತು. ಎರಡನೆಯ ಮನೆಯವರಿಗೆ ನೆಪವೂ ಬೇಕಾಗಲಿಲ್ಲ. ಖಾಲಿ ಮಾಡಿರೆಂದರು, ಮಾಡಿದೆವು. ಅರ್ಧ ಗಂಟೆ ನಿಂತು ವಾದಿಸಬಲ್ಲವನಿಗೆ ಆ ಎರಡು ಸಲವೂ ವಾದಿಸಲು ಏನೂ ಇರಲಿಲ್ಲ, ಏಕೆಂದರೆ ಏನೂ ಬರೆದಿರಲಿಲ್ಲ.

ಮೂರನೆಯ ಮನೆ ಸಿಕ್ಕಿದ್ದು ಮಳೆಗಾಲದಲ್ಲಿ. ಗಿಲ್ಲೆಸುಗೂರಿನ ಬಸ್ಸು ಹೋಗುವ ರಸ್ತೆಯ ಮಗ್ಗುಲಿಗೆ ಒಂದು ಅಕ್ಕಿ ಗಿರಣಿ. ಅದರ ಹಿಂದಿನ ಗೋಡೆಗೆ ಹತ್ತಿ ಮೂರು ಮನೆಗಳ ಸಾಲು. ಎರಡರಲ್ಲಿ ಗಿರಣಿಯ ಮೂಟೆ ಹೊರುವ ಹಮಾಲರ ಸಂಸಾರಗಳಿದ್ದವು, ಮೂರನೆಯದು ಖಾಲಿ ಇತ್ತು. ಎರಡು ಕೋಣೆ, ಕಲ್ಲುಹಾಸಿನ ನೆಲ, ಹಿತ್ತಲಲ್ಲಿ ಒಂದು ಬೇವಿನ ಗಿಡ, ಹತ್ತು ಹೆಜ್ಜೆಗೆ ನಲ್ಲಿ. ಗಿರಣಿ ಮೂಕವಾಗಿತ್ತು. ಹೊಸ ನೆಲ್ಲು ಬರುವವರೆಗೆ ಅದು ಹಾಗೆಯೇ ಇರುತ್ತದೆಂದು ಯಾರಾದರೂ ಹೇಳಿದ್ದರೋ ಏನೋ, ನಾನು ಕೇಳಿಸಿಕೊಳ್ಳಲಿಲ್ಲ. ನಾನು ಪರೀಕ್ಷಿಸುತ್ತಿದ್ದುದು ಮಾಲೀಕರ ಮುಖವನ್ನು.

ಗಿರಣಿಯ ಸಾವುಕಾರರು ಐವತ್ತು ದಾಟಿದವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಕಡಿಮೆ. ನಾನು ಮೊದಲ ಮಾತಿಗೇ ನಾವು ಯಾರೆಂದು ಹೇಳಿಬಿಟ್ಟೆ.

“ಮಾಸ್ತರ, ನಾ ಅದನ್ನ ಕೇಳಿಲ್ಲಲ್ಲ,” ಎಂದರು.

“ಆಮ್ಯಾಲ ಕೇಳಬಾರದು ಅಂತ ಈಗ ಹೇಳಾಕತ್ತೀನ್ರಿ.”

“ಹೇಳಿದ್ರಿ, ಕೇಳಿದೆ. ಇರ್ರಿ.”

ಅಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. ಕರಾರು ಬೇಕೆಂದೆ. ತಹಸೀಲು ಕಚೇರಿಯ ಮುಂದೆ ತಗಡಿನ ನೆರಳಿನಲ್ಲಿ ಕೂಡುತ್ತಿದ್ದ, ದಸ್ತಾವೇಜು ಬರೆಯುವ ಮುದುಕರೊಬ್ಬರ ಹತ್ತಿರ ಹೋಗಿ ನಾನೇ ವಾಕ್ಯಗಳನ್ನು ಹೇಳಿ ಬರೆಸಿದೆ. ಮೂರು ವರ್ಷಗಳ ಮುದ್ದತ್ತು ತೀರುವ ಮೊದಲು ಮಾಲೀಕರು ಯಾವ ಕಾರಣಕ್ಕೂ ಮನೆ ಬಿಡಿಸತಕ್ಕದ್ದಲ್ಲ. ಬಾಡಿಗೆದಾರರು ಯಾವ ಕಾರಣಕ್ಕೂ ಮನೆ ಬಿಡತಕ್ಕದ್ದಲ್ಲ. ಎರಡನೆಯ ಅರ್ಧ ಬಂದಾಗ ಮುದುಕರು ಲೇಖನಿ ಎತ್ತಿದರು.

“ಬಾಡಿಗಿದಾರ ತನ್ನ ಕಾಲಿಗಿ ತಾನ ಹಗ್ಗ ಕಟ್ಟಿಕೊಂಡದ್ದು ನಾ ನೋಡಿಲ್ರೀ ಮಾಸ್ತರ. ಒಂದು ತಿಂಗಳ ನೋಟೀಸು ಕೊಟ್ಟು ಬಿಡಬಹುದು ಅಂತ ಹಾಕ್ತೀನಿ.”

ಒಬ್ಬನನ್ನು ಮಾತ್ರ ಕಟ್ಟುವ ಕರಾರು ನ್ಯಾಯವಾಗಲಾರದು, ನಾವು ಕೇಳುವ ಸಮಾನತೆಯನ್ನು ಮೊದಲು ನಾವೇ ಕೊಡಬೇಕು ಎಂದು ನಾನು ಅವರಿಗೆ ವಿವರಿಸಿದೆ. ಪಕ್ಕದಲ್ಲಿ ಪಹಣಿಗಾಗಿ ಕಾದು ಕುಳಿತಿದ್ದ ಇಬ್ಬರು ರೈತರೂ ಕೇಳಿದರು. ಮುದುಕರು ಕೊನೆಯವರೆಗೆ ತಾಳ್ಮೆಯಿಂದಿದ್ದು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. “ಬರೀತೀನ್ರಿ. ಹಗ್ಗನೂ ನಿಮ್ದು, ಕಾಲೂ ನಿಮ್ದು.”

ಸಾವುಕಾರರು ಎರಡು ಸಲ ಓದಿ ಸಹಿ ಮಾಡಿದರು. ಬಾಯಿಮಾತು ಸಾಲಲಿಲ್ಲವೇ ಎಂದು ಒಮ್ಮೆ ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯಬೇಕೆಂದು. ನಾನು ಉತ್ತರಿಸುವ ಮೊದಲೇ ಕಾಗದವನ್ನು ಗಾದಿಯ ಹಿಂದಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು.

ಆ ಕಾಗದದ ಬಲವನ್ನು ದಸರೆಯ ಹೊತ್ತಿಗೆ ಕಣ್ಣಾರೆ ಕಂಡೆ. ನಲ್ಲಿ ಕೆಟ್ಟಿದೆಯೆಂದು ಹೇಳಲು ಗಿರಣಿಗೆ ಹೋಗಿದ್ದೆ. ಒಳಗೆ ಸಾವುಕಾರರ ಅಕ್ಕನ ಮಗ ಕುಳಿತಿದ್ದ. ಹೊಸದಾಗಿ ಮದುವೆಯಾದವನು, ಅವನಿಗೆ ಅದೇ ಮನೆ ಬೇಕಿತ್ತು. ಜೊತೆಗೆ ಬಳಗದ ಇಬ್ಬರು ಹಿರಿಯರು. ತಮ್ಮವನು ಬೇರೆ ಕಡೆ ಮನೆ ಹುಡುಕುವಾಗ ಎಂಥವರನ್ನೋ ಇಟ್ಟುಕೊಂಡದ್ದು ಸರಿಯೇ ಎಂದು ಅವರು ವಿಚಾರಿಸುತ್ತಿದ್ದರು. ಸಾವುಕಾರರು ಎದ್ದು ಕಪಾಟು ತೆಗೆದು ಕಾಗದವನ್ನು ಅವರ ಮುಂದೆ ಇಟ್ಟರು.

“ಸಹಿ ನಂದು ಅದ. ನೋಡ್ರಿ.”

“ಕಾಗದ ಇತ್ತಂದ್ರ ನಾಳಿ ಹೆಣ್ಣೂ ಕೊಡ್ತೀಯೇನು ಮಾವಾ ಅವರಿಗಿ?” ಎಂದ ಅಳಿಯ.

ಸಾವುಕಾರರು ಕಾಗದವನ್ನು ಮಡಿಚಿ ಒಳಗಿಟ್ಟರು. ಹೊರಗೆ ನಿಂತಿದ್ದ ನನಗೆ ಆ ಮಾತು ಚುಚ್ಚಬೇಕಿತ್ತು. ಆದರೆ ನಾನು ಗೆದ್ದವನ ಹಾಗೆ ಮನೆಗೆ ನಡೆದೆ. ಆ ದಿನ ಸಾವುಕಾರರು ಕಳೆದುಕೊಂಡದ್ದೇನೆಂದು ಲೆಕ್ಕ ಹಾಕುವ ಬುದ್ಧಿ ನನಗಿರಲಿಲ್ಲ. ಅವನ ತಾಯಿ, ಸಾವುಕಾರರ ಅಕ್ಕ, ಮುಂದೆ ಅವರ ಮನೆಯ ಯಾವ ಹಬ್ಬಕ್ಕೂ ಬರಲಿಲ್ಲವೆಂದು ಹಮಾಲರ ಮನೆಯವರಿಂದ ಕೇಳಿದೆ.

ದೀಪಾವಳಿ ಕಳೆದು ಯಾಪಲದಿನ್ನಿ, ಗುಂಜಹಳ್ಳಿಗಳ ಕಡೆಯಿಂದ ನೆಲ್ಲಿನ ಬಂಡಿಗಳು ಬಂದವು. ನೆಲ್ಲನ್ನು ತೊಟ್ಟಿಗಳಲ್ಲಿ ನೆನೆಸಿ, ಉಗಿಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಗಿರಣಿಗೆ ಹಾಕುವುದು ಅಲ್ಲಿನ ಕ್ರಮ. ಉಗಿಗೆ ಬೇಕಾದ ಬೆಂಕಿಗೆ ನೆಲ್ಲಿನ ಹೊಟ್ಟನ್ನೇ ಸುಡುತ್ತಿದ್ದರು. ಹೊಟ್ಟಿನ ಬೂದಿ ಕಟ್ಟಿಗೆಯ ಬೂದಿಯಂತೆ ಒಲೆಯಲ್ಲೇ ಕೂಡುವುದಿಲ್ಲ. ಕರ್ರಗೆ, ಹಗುರವಾಗಿ, ಹುಳದ ರೆಕ್ಕೆಯಂತೆ ಚಿಮಣಿಯಿಂದ ಮೇಲೇರಿ ಗಾಳಿ ನಿಂತಲ್ಲಿ ಇಳಿಯುತ್ತದೆ. ಗಾಳಿ ನಿಲ್ಲುತ್ತಿದ್ದುದು ನಮ್ಮ ಸಾಲಿನ ಮೇಲೆ.

ಮೂರೇ ದಿನಗಳಲ್ಲಿ ಮನೆ ಬೇರೆಯಾಯಿತು. ಬಿಂದಿಗೆಯ ನೀರಿನ ಮೇಲೆ ಬೂದಿ, ರೊಟ್ಟಿಯ ಹಿಟ್ಟಿನಲ್ಲಿ ಬೂದಿ, ನಾನು ಶಾಲೆಗೆ ತೊಡುತ್ತಿದ್ದ ಬಿಳಿಯ ಅಂಗಿಯ ಕಾಲರಿನಲ್ಲಿ ಬೂದಿ. ನೆನೆದ ನೆಲ್ಲಿನ ಹುಳಿವಾಸನೆ ಮೋರಿಯಿಂದ ಎದ್ದು ಬಾಗಿಲಲ್ಲಿ ನಿಲ್ಲುತ್ತಿತ್ತು. ಕಿಟಕಿ ಮುಚ್ಚಿದರೆ ಕಲ್ಲಿನ ಮಾಳಿಗೆಯ ಕೆಳಗೆ ಉಸಿರಿಗೆ ಗಾಳಿ ಇಲ್ಲ. ತೆರೆದರೆ ಉಸಿರಿನೊಳಗೇ ಬೂದಿ. ಒದ್ದೆ ಪಂಚೆಗಳನ್ನು ಕಿಟಕಿಗೆ ಕಟ್ಟಿದೆ. ಮಧ್ಯಾಹ್ನದೊಳಗೆ ಅವು ಕಪ್ಪಾಗಿ, ಒಣಗಿ, ಬಡಿದಾಡುತ್ತಿದ್ದವು.

ಅವ್ವನಿಗೆ ದೇವದುರ್ಗದ ಕಲ್ಲುಪುಡಿಯ ದಿನಗಳಿಂದಲೇ ಸ್ವಲ್ಪ ದಮ್ಮಿತ್ತು. ಈಗ ಅದು ಹೆಚ್ಚಿತು. ನಲ್ಲಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ಕೊಡ ಕೆಳಗಿಡುತ್ತಿದ್ದಳು. ಅಡ್ಡಾದರೆ ಎದೆ ಕಟ್ಟುತ್ತದೆಂದು ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದಳು. ದವಾಖಾನೆಯ ಡಾಕ್ಟರು ಎದೆ ಪರೀಕ್ಷಿಸಿ, ಚೀಟಿ ಬರೆಯುವ ಮೊದಲು ಮನೆ ಎಲ್ಲಿ ಎಂದು ಕೇಳಿದರು. ಹೇಳಿದೆ. ಗುಳಿಗೆ ಕೊಡುತ್ತೇನೆ, ಆದರೆ ಆ ಮನೆಯಲ್ಲಿದ್ದರೆ ಗುಳಿಗೆಯಿಂದ ಏನೂ ಆಗುವುದಿಲ್ಲ, ಈ ಹಂಗಾಮು ಮುಗಿಯುವವರೆಗೆ ಈಕೆ ತಡೆಯಲಾರಳು ಎಂದರು.

ಮಾನವಿಯಲ್ಲಿ ಅಕ್ಕನ ಮನೆ ಇತ್ತು. ಕಾಲುವೆಯ ಬದಿಯ ಹಸಿರು ಊರು, ಒಳ್ಳೆಯ ಗಾಳಿ. ಅವ್ವ ಒಪ್ಪಲಿಲ್ಲ. ಕೊಟ್ಟ ಮಗಳ ಮನೆಯಲ್ಲಿ ಅವಳು ಎರಡು ದಿನಕ್ಕಿಂತ ಹೆಚ್ಚು ಅನ್ನ ಉಂಡವಳಲ್ಲ. ಬೀಗರ ಮುಂದೆ ತಲೆ ತಗ್ಗಿಸಬಾರದೆಂಬುದು ಅವಳ ನಿಯಮ. ಮಗನಿರುವಲ್ಲಿ ತಾನಿರುತ್ತೇನೆ ಎಂದಳು. ಅಲ್ಲಿಗೆ ಅವಳ ಉಸಿರು ನನ್ನ ಕೈಗೆ ಬಂತು. ನಾನು ಆ ಮನೆಯನ್ನು ಬಿಡಬೇಕು. ಬಿಡತಕ್ಕದ್ದಲ್ಲ ಎಂದು ನಾನೇ ಬರೆಸಿದ್ದೆ.

ಸಾವುಕಾರರಿಗೆ ಹೇಳಿದಾಗ ಅವರು ಮೊದಲು ಚಿಮಣಿಯನ್ನು ನೋಡಿದರು. ನಾಲ್ಕು ದಿನಗಳಲ್ಲಿ ಕಮ್ಮಾರನನ್ನು ಕರೆಸಿ ಅದರ ಬಾಯಿಗೆ ತಂತಿಯ ಜಾಲರಿ ಹೊಡೆಸಿದರು. ಒಂದು ದಿನ ಆಕಾಶ ತಿಳಿಯಾಗಿತ್ತು. ಅವ್ವ ಹಿತ್ತಲಲ್ಲಿ ಕುಳಿತು ಬಿಸಿಲು ಕಾಯಿಸಿಕೊಂಡಳು. ಮರುದಿನ ಜಾಲರಿ ಬೂದಿಯಿಂದ ಮುಚ್ಚಿಹೋಗಿ ಹೊಗೆಯೆಲ್ಲ ಒಳಗೆ ತಿರುಗಿ, ಬೆಂಕಿ ನೋಡುವವನು ಕಣ್ಣು ಬಿಡಲಾಗದೆ ಹೊರಗೆ ಓಡಿಬಂದ. ಜಾಲರಿ ಇಳಿಯಿತು. ಗಿರಣಿ ನಿಲ್ಲಿಸುವ ಮಾತನ್ನು ನಾನೂ ಆಡಲಿಲ್ಲ, ಅವರೂ ಆಡಲಿಲ್ಲ.

ನಾನು ಬರಿದೇ ಹೊರಟುಬಿಡಬಹುದಿತ್ತು. ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ. ಆದರೆ ಮನೆ ಬಿಟ್ಟುಹೋದರೆ ಜನ ಏನೆಂದು ಹೇಳುತ್ತಾರೆ ಎಂಬುದು ನನ್ನನ್ನು ತಿನ್ನತೊಡಗಿತು. ನಾನಾಗಿ ಬಿಟ್ಟರೆ, ಅಂಥವರ ಸಹಿಗೆ ಇಷ್ಟೇ ಬೆಲೆ ಎಂದು ಆ ಅಳಿಯ ಊರೆಲ್ಲ ಹೇಳುತ್ತಾನೆ. ಸಾವುಕಾರರು ಇನ್ನೊಂದು ದಾರಿ ಸೂಚಿಸಿದರು: ನಾನೇ ಬಿಡಿಸಿದೆನೆಂದು ಹೇಳುತ್ತೇನೆ, ಕರಾರು ಮುರಿದ ಮಾತು ನನ್ನ ಮೇಲೆ ಇರಲಿ ಎಂದರು. ಅವರಿಗೆ ಅದು ಔದಾರ್ಯವೇ. ನನಗೆ ಅದು ಮೂರನೆಯ ಸಲ ಓಣಿಯಿಂದ ಹೊರಗೆ ಹಾಕಿಸಿಕೊಂಡ ಹಾಗೆ. ಎರಡೂ ಸುಳ್ಳು ಎಂದೆ. ನಿಜ ಒಂದೇ, ಗಿರಣಿಯ ಬೂದಿಯಿಂದ ಮನೆ ವಾಸಕ್ಕೆ ಯೋಗ್ಯವಾಗಿಲ್ಲ. ಅದನ್ನು ಕರಾರಿನ ಹಿಂದೆ ಬರೆದು ಇಬ್ಬರೂ ಸಹಿ ಹಾಕೋಣ.

“ಅದೊಂದು ಬರ್ಯಾಂಗಿಲ್ರೀ ಮಾಸ್ತರ,” ಎಂದರು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ; ಚರ್ಚಾಸ್ಪರ್ಧೆಯ ಹಾಗೆ ಪ್ರತಿಪಕ್ಷ ಸೋತಿದೆ ಎಂದೇ ತಿಳಿದೆ.

ಆಮೇಲಿನ ಹತ್ತೊಂಬತ್ತು ದಿನಗಳನ್ನು ನೆನೆದರೆ ಇಂದಿಗೂ ಕುಳಿತಲ್ಲಿ ಕೂಡಲಾಗುವುದಿಲ್ಲ. ಶಾಲೆ ಬಿಟ್ಟೊಡನೆ ಮನೆಗೆ ಹೋಗದೆ ಸ್ಟೇಷನ್ನಿನಿಂದ ಕೋಟೆಯ ಬಾಗಿಲವರೆಗೆ, ಅಲ್ಲಿಂದ ಏಕ್ ಮಿನಾರ್ ಮಸೀದಿಯವರೆಗೆ ನಡೆಯುತ್ತ ಆ ಒಂದು ವಾಕ್ಯವನ್ನು ತಿದ್ದುತ್ತಿದ್ದೆ. ‘ವಾಸಕ್ಕೆ ಅಯೋಗ್ಯ’ ಒಪ್ಪದಿದ್ದರೆ ‘ವಾಸಕ್ಕೆ ಅನುಕೂಲವಲ್ಲದ’ ಎನ್ನೋಣ. ‘ಗಿರಣಿಯ ಬೂದಿ’ ಬೇಡವಾದರೆ ‘ಪರಿಸರದ ಕಾರಣ’. ಅದೂ ಬೇಡವಾದರೆ ‘ಬಾಡಿಗೆದಾರರ ತಾಯಿಯ ಆರೋಗ್ಯದ ನಿಮಿತ್ತ’. ಒಂದೊಂದನ್ನೂ ಶುದ್ಧ ಪ್ರತಿ ಮಾಡಿ ಗಿರಣಿಗೆ ಒಯ್ಯುತ್ತಿದ್ದೆ. ಸಾವುಕಾರರು ಕನ್ನಡಕ ಹಾಕಿಕೊಂಡು ಓದಿ, ಮಡಿಚಿ, ಮರಳಿಸುತ್ತಿದ್ದರು. ಯಾರು ಮುರಿದರೆಂಬುದು ಅದರಲ್ಲಿ ಸ್ಪಷ್ಟವಾಗುವುದಿಲ್ಲವೆಂದು ಒಮ್ಮೆ ನಾನೇ ಒಂದನ್ನು ಅರ್ಧ ದಾರಿಯಿಂದ ಹಿಂದಕ್ಕೆ ತಂದೆ. ಬೇರೆ ಮನೆ ಹುಡುಕಲು ನಾನು ಒಂದು ಸಂಜೆಯನ್ನೂ ಕೊಡಲಿಲ್ಲ. ಮೊದಲು ಇದು ಇತ್ಯರ್ಥವಾಗಲಿ ಎಂದುಕೊಂಡಿದ್ದೆ. ಅಷ್ಟೂ ದಿನ ಅವ್ವ ಆ ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದಳು. ಒಳಗೆ ಬಂದಾಗಲೆಲ್ಲ ಅದು ಕೇಳುತ್ತಿತ್ತು, ಮತ್ತು ಕೇಳಿದಷ್ಟೂ ವಾಕ್ಯವನ್ನು ಬೇಗ ಮುಗಿಸಬೇಕೆನ್ನಿಸುತ್ತಿತ್ತು.

ಒಂದು ರವಿವಾರ ಬೆಳಿಗ್ಗೆ ಬಾಗಿಲ ಬಳಿ ಹಲಗೆ ತೊಡೆಯ ಮೇಲಿಟ್ಟುಕೊಂಡು ಮತ್ತೊಂದು ಪ್ರತಿ ಬರೆಯುತ್ತಿದ್ದೆ. ಬರೆದ ಸಾಲಿನ ಮೇಲೆ ಬೂದಿಯ ಎಸಳೊಂದು ಬಿತ್ತು. ಊದಿದೆ. ಇನ್ನೊಂದು ಬಿತ್ತು. ಅವ್ವ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಎರಡು ಸೀರೆಗಳ ಗಂಟು.

“ಬರಿ ಯಪ್ಪಾ, ಬರಿ. ನಾ ಮಾನವಿಗಿ ಹೊಂಟೀನಿ.”

“ಯವ್ವಾ, ಅಕ್ಕನ ಮನ್ಯಾಗ ಇರಾಂಗಿಲ್ಲ ಅಂದಿದ್ದಿ.”

“ಅಂದಿದ್ದೆ.” ಅವಳು ಉಸಿರಿಗಾಗಿ ಚೌಕಟ್ಟು ಹಿಡಿದುಕೊಂಡಳು. “ಬೀಗರ ಮುಂದ ತಲಿ ತಗ್ಗಿಸ್ತೀನಿ. ತಗ್ಗಿಸಾಕ ತಲಿಯಾರ ಉಳೀತದ. ನಿನ್ನ ಕಾಗದದಾಗ ನನ್ನ ಹೆಬ್ಬೆಟ್ಟಿಲ್ಲ. ನೀ ಗೆದ್ದಮ್ಯಾಲ ಬಾ.”

ಅವಳು ಗದರಿಸಿರಲಿಲ್ಲ. ನಾನು ಕುಳಿತೇ ಇದ್ದೆ. ಅವಳು ನಲ್ಲಿಯನ್ನು ದಾಟಿ, ಹಮಾಲರ ಬಾಗಿಲುಗಳನ್ನು ದಾಟಿ, ಗಿರಣಿಯ ಮೂಲೆಯಲ್ಲಿ ಗಂಟು ಕೆಳಗಿಟ್ಟು ನಿಲ್ಲುವವರೆಗೆ ನೋಡಿದೆ. ಆಮೇಲೆ ಹಲಗೆ ಬಿಟ್ಟು ಓಡಿದೆ. ಕಾಲಿಗೆ ಚಪ್ಪಲಿಯಿಲ್ಲವೆಂದು ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾಯಿತು.

ಮಾನವಿಯಲ್ಲಿ ಅಕ್ಕ ಅವ್ವನ ಕೈಯಿಂದ ಗಂಟು ತೆಗೆದುಕೊಂಡಳು. ಅವಳ ಅತ್ತೆ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟು, ಇಲ್ಲಿ ಬಿಗುಮಾನವೇನೂ ಬೇಡವೆಂದರು. ಅವ್ವ ತಲೆ ತಗ್ಗಿಸಿಯೇ ಒಳಗೆ ಹೋದಳು.

ಮರುದಿನ ಸಾಮಾನು ಕಟ್ಟಿ, ಬೀಗದ ಕೈ ಕೊಡಲು ಗಿರಣಿಗೆ ಹೋದೆ. ಅಂಗಳದಲ್ಲಿ ಬೇಯಿಸಿದ ನೆಲ್ಲು ಹರಡಿದ್ದರು. ಸಾವುಕಾರರು ಅಂಚಿನಲ್ಲಿ ನಿಂತಿದ್ದರು.

“ಈಗ ಏನಂತ ಬರೀಬೇಕಂತೀರಿ?” ಎಂದು ಅವರೇ ಕೇಳಿದರು.

“ಏನೂ ಬರೀಬ್ಯಾಡ್ರಿ ಸಾವುಕಾರ್ರ. ನಾನ ಮುರ್ದೀನಿ.”

ಅವರು ಕೈ ಚಾಚಲಿಲ್ಲ. “ಆ ಕಾಗದ ತೋರ್ಸಿ ನಮ್ಮಕ್ಕನ ಮಗನ್ನ ಎಬ್ಬಿಸಿ ಕಳಸೀನ್ರಿ ನಾ. ನಾ ಕೇಳಿದ್ದಿಲ್ಲ ಕಾಗದ. ನೀವ ಬೇಕಂದ್ರಿ.” ಆಮೇಲೆ, “ಅವ್ವಾರು ಹೆಂಗದಾರ?” ಎಂದರು.

ಉಸಿರಾಡುತ್ತಿದ್ದಾಳೆ ಎಂದೆ. ಬೀಗದ ಕೈಯನ್ನು ಗಾದಿಯ ಮೇಲೆ ಇಡಲು ಹೇಳಿ ಅವರು ನೆಲ್ಲಿನ ಕಡೆ ತಿರುಗಿದರು. ಅವರ ಬಗ್ಗೆ ಕಹಿಯಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ. ನನಗೆ ಬೇಕಾದಂತೆ ನಡೆದುಕೊಂಡವರನ್ನು ಬಳಗದ ಮುಂದೆ ಒಂಟಿಯಾಗಿ ಬಿಟ್ಟುಬಂದೆ.

ನಾನೂ ಮಾನವಿಯಲ್ಲೇ ಉಳಿದು ಬಸ್ಸಿನಲ್ಲಿ ಶಾಲೆಗೆ ಹೋಗಿಬರುತ್ತಿದ್ದೆ. ಹದಿನೈದು ದಿನಗಳ ಮೇಲೆ, ಅವಸರದಲ್ಲಿ ಬಿಟ್ಟುಬಂದಿದ್ದ ಬೀಸುವ ಕಲ್ಲನ್ನು ತರಲು ಆ ಸಾಲಿಗೆ ಹೋಗಬೇಕಾಯಿತು. ನಮ್ಮ ಮನೆಗೆ ಬೀಗವಿರಲಿಲ್ಲ. ಮಾಳಿಗೆಯ ತನಕ ಖಾಲಿ ಗೋಣಿಚೀಲಗಳನ್ನು ಒಟ್ಟಿದ್ದರು. ಅಳಿಯನಿಗೂ ಕೊಟ್ಟಿರಲಿಲ್ಲ, ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಬರೆಯಲು ಒಪ್ಪದ ಮಾತನ್ನು ಅವರು ಒಪ್ಪಿಕೊಂಡಿದ್ದಾರೆಂದು ನನಗೆ ಒಂದು ಕ್ಷಣ ಸಮಾಧಾನವಾಯಿತು.

ಪಕ್ಕದ ಮನೆಯ ಹಮಾಲನ ಹೆಂಡತಿ ಬಾಗಿಲಲ್ಲಿ ಕುಳಿತು ಬಿಂದಿಗೆಯ ನೀರನ್ನು ಸೀರೆಯ ಅರಿವೆಯಿಂದ ಸೋಸುತ್ತಿದ್ದಳು. ಅವಳ ಹಿಂದೆ ಕತ್ತಲಲ್ಲಿ ಅವಳ ಅತ್ತೆ ಕೆಮ್ಮುತ್ತಿದ್ದಳು. ಆ ಕೆಮ್ಮನ್ನು ನಾನು ತಿಂಗಳುಗಟ್ಟಲೆ ಗೋಡೆಯಾಚೆಯಿಂದ ಕೇಳಿದ್ದೆ. ಆಗ ಅವ್ವನದನ್ನು ಮಾತ್ರ ಎಣಿಸುತ್ತಿದ್ದೆ.

“ಅವ್ವ ಹೆಂಗದಾಳ್ರೀ ಮಾಸ್ತರ?”

“ಸುಧಾರಿಸ್ಯಾಳ ಯಕ್ಕಾ. ನಿಮ್ಮತ್ತಿಗಿ ಏನಾತು?”

“ಆಕಿಗಿ ಯಾವಾಗ್ಲೂ ಅದ ಅದು. ನೀವು ಹ್ವಾದ್ರಿ, ಛಲೋ ಆತು.”

ನೀವೂ ಬೇರೆ ಕಡೆ ನೋಡಬಾರದೇ ಎಂದು ನಾನು ಕೇಳಿದೆ. ಕೇಳುತ್ತಿದ್ದಂತೆಯೇ ಅದರ ಮೂರ್ಖತನ ನನಗೆ ತಿಳಿಯಿತು. ಅವಳು ಅರಿವೆಯನ್ನು ಹಿಂಡಿದಳು; ಕಪ್ಪು ನೀರು ಇಳಿಯಿತು.

“ನಿಮಗ ಮುರಿಯಾಕ ಒಂದು ಕಾಗದ ಇತ್ರಿ,” ಎಂದಳು. “ನಾವು ಮನಿ ಬಿಟ್ರ ಗಿರಣಿನೂ ಬಿಡಬೇಕು.”

ಸಾವುಕಾರರು ಆ ಒಂದು ವಾಕ್ಯವನ್ನು ಏಕೆ ಬರೆಯಲೊಲ್ಲರೆಂದು ಆಗ ಅರ್ಥವಾಯಿತು. ಒಂದು ಮನೆ ಅಯೋಗ್ಯವೆಂದು ಅವರ ಸಹಿಯಿಂದ ನಿಂತರೆ, ಅದೇ ಗೋಡೆಗೆ ಹತ್ತಿದ ಉಳಿದೆರಡೂ ಅಯೋಗ್ಯವೇ. ಅವರಿಗೆ ಅದು ಹೊಳೆದಿತ್ತು. ಸಮಾನತೆಯ ಮೇಲೆ ಭಾಷಣ ಮಾಡಬಲ್ಲ ನನಗೆ ಹೊಳೆದಿರಲಿಲ್ಲ. ಹತ್ತೊಂಬತ್ತು ದಿನ ತಿದ್ದಿದ ಪ್ರತಿಗಳಲ್ಲಿ ಬಾಡಿಗೆದಾರರು, ಬಾಡಿಗೆದಾರರ ತಾಯಿ, ಬಾಡಿಗೆದಾರರ ಗೌರವ ಎಲ್ಲವೂ ಇತ್ತು. ಮೂರು ಬಾಗಿಲುಗಳ ಮೇಲೆ ಒಂದೇ ಬೂದಿ ಬೀಳುತ್ತದೆ ಎಂಬುದು ಯಾವುದರಲ್ಲೂ ಇರಲಿಲ್ಲ.

ನಗರಸಭೆಗೆ ಅರ್ಜಿ ಬರೆಯುತ್ತೇನೆ ಎಂದೆ. ಅವಳು ಸ್ವಲ್ಪ ನಕ್ಕಳು, ಮಾಸ್ತರರು ಬರೆಯದೆ ಬಿಡುತ್ತಾರೆಯೇ ಎಂಬಂತೆ. “ಬರೀರಿ. ನಮ್ಮ ಹೆಸರು ಹಾಕಬ್ಯಾಡ್ರಿ.” ಆಮೇಲೆ ಎದ್ದು, ಬೀಸುವ ಕಲ್ಲಿನ ಒಂದು ಬದಿಗೆ ಕೈಕೊಟ್ಟು ರಸ್ತೆಯವರೆಗೆ ತಂದಳು.

ಮಾನವಿಗೆ ತಲುಪಿದಾಗ ಮಧ್ಯಾಹ್ನ. ಅವ್ವ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಅಡ್ಡಾಗಿ ಮಲಗಿದ್ದಳು. ಉಸಿರು ಸರಾಗವಾಗಿ ಬರುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದೆ. ಕೂಡಲಾಗದೆ ಹೊರಗಿನ ಕಟ್ಟೆಗೆ ಬಂದು, ಹಾಳೆ ತೆಗೆದು ಅರ್ಜಿ ಬರೆಯತೊಡಗಿದೆ. ವಿಷಯ ಬೇಗನೆ ಮುಗಿಯಿತು. ಅರ್ಜಿದಾರನ ಹೆಸರಿನ ಜಾಗದಲ್ಲಿ ನನ್ನದನ್ನು ಬರೆದೆ. ವಾಸಸ್ಥಳ ಎಂಬಲ್ಲಿಗೆ ಬಂದು ನಿಂತೆ. ಬೂದಿ ಬೀಳುವಲ್ಲಿ ವಾಸಿಸುವವರು ಸಹಿ ಮಾಡಲಾರರು. ಸಹಿ ಮಾಡಬಲ್ಲವನು ಅಲ್ಲಿ ವಾಸಿಸುವುದಿಲ್ಲ. ಮಾನವಿ ಎಂದು ಬರೆದು ಹೊಡೆದುಹಾಕಿದೆ. ರಾಯಚೂರು ಎಂದು ಬರೆದೆ. ಅದನ್ನೂ ಹೊಡೆದು, ಹೊಸ ಹಾಳೆ ತೆಗೆದುಕೊಂಡೆ.